ನೂರು ಸುತ್ತಿಗೆ ಮೂರು ನಿಮಿಷ

ಹಳೆಯ ಅಂಚೆಚೀಟಿ ಕೂಡಿಡುವವರನ್ನು, ಹಳೆಯ ನಾಣ್ಯ ಉಜ್ಜುವವರನ್ನು, ಹಳೆಯ ಕಾರನ್ನು ಮನೆಮಗನಂತೆ ಸಾಕುವವರನ್ನು ಹೇಗೋ ಸಹಿಸಿಕೊಳ್ಳಬಹುದು. ಹಳೆಯ ರೆಕಾರ್ಡ್ ಪ್ಲೇಯರಿನ ಗೀಳು ಹತ್ತಿದವರ ಮನೆಗೆ ಹೋಗುವುದು ಮಾತ್ರ ತಾಳ್ಮೆಯ ಪರೀಕ್ಷೆ. ‘ಒಂದು ಹಾಡು ಕೇಳಿ ಹೋಗಿ’ ಎಂದು ಕೂರಿಸುತ್ತಾರೆ. ಆಮೇಲೆ ಪ್ಲೇಟನ್ನು ಕವರಿನಿಂದ ಹಸುಗೂಸಿನಂತೆ ಎತ್ತಿ, ದೂಳೊರೆಸಿ, ಮುಳ್ಳಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಗಾರೆಯವರ ರಸಮಟ್ಟ ತಂದಿಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಮೇಜಿನ ಕಾಲಿಗೆ ರಟ್ಟು ಸಿಕ್ಕಿಸುತ್ತಾರೆ. ಇಷ್ಟೆಲ್ಲ ಮುಗಿದು ಹಾಡು ಹೊರಡುವ ಹೊತ್ತಿಗೆ ಬಂದವನಿಗೆ ಕೊನೆಯ ಬಸ್ಸು ತಪ್ಪಿರುತ್ತದೆ.

ಬೆಂಗಳೂರಿನ ಬಸವನಗುಡಿಯ ಒಂದು ಮಹಡಿ ಮನೆಯಲ್ಲಿ ಇಂಥ ನಾಲ್ವರು ತಿಂಗಳಿಗೊಂದು ಭಾನುವಾರ ಸೇರುತ್ತಿದ್ದರು. ಈಗ ಮೂವರು ಸೇರುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಅಧಿಕಾರಿಯೊಬ್ಬರು, ಎಸ್.ಪಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮೆಕ್ಯಾನಿಕ್ ಒಬ್ಬರು, ಹಲ್ಲಿನ ಡಾಕ್ಟರೊಬ್ಬರು. ನಾಲ್ಕನೆಯವರು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಅವರು ತೀರಿಕೊಂಡದ್ದು 2016ರಲ್ಲಿ. ಆದರೆ ಈ ಮೂವರು ಕಾಫಿ ಲೋಟ ಹಿಡಿದು ಕೂತರೆ ಮಾತು ಹೊರಳುವುದು ಅವರ ಕಡೆಗೇ.

ಮೊದಲು ಯಂತ್ರಗಳ ಮಾತು. ಮೆಕ್ಯಾನಿಕ್ಕಿಗೆ ಇಂಗ್ಲೆಂಡಿನ ಗ್ಯಾರಾರ್ಡ್ 301 ಬಿಟ್ಟರೆ ಬೇರೆ ದೇವರಿಲ್ಲ. 1954ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರ. ಸ್ವಿಂಡನ್ ಎಂಬ ಊರಿನ ಆ ಕಾರ್ಖಾನೆಯ ಮೂಲ ಕೇಳಿದರೆ ಮಕ್ಕಳಿಗೂ ಕುತೂಹಲವಾದೀತು: ಅರಮನೆಗೆ ಒಡವೆ ಮಾಡಿಕೊಡುತ್ತಿದ್ದ ಅಕ್ಕಸಾಲಿಗರ ಮನೆತನದ ಕಂಪನಿ ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಸೈನ್ಯಕ್ಕೆ ಬೇಕಾದ ದೂರಮಾಪಕಗಳನ್ನು ತಯಾರಿಸಲೆಂದು ತೆರೆದ ಶಾಖೆ ಅದು. ಯುದ್ಧ ಮುಗಿದ ಮೇಲೆ ಗ್ರಾಮಫೋನಿನ ಮೋಟಾರಿಗೆ ಕೈಹಾಕಿತು. ‘ಚಿನ್ನದ ಕೆಲಸ ಮಾಡಿದ ಕೈ ಸಾರ್, ಅದಕ್ಕೇ ಆ ನಯ’ ಎನ್ನುತ್ತಾರೆ ಮೆಕ್ಯಾನಿಕ್. ಬ್ಯಾಂಕಿನವರದ್ದು ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200, ಗಲ್ಫಿನಲ್ಲಿದ್ದ ಅಳಿಯ ತಂದುಕೊಟ್ಟದ್ದು. ಆ ಮಾದರಿ ಶುರುವಾದದ್ದು 1972ರಲ್ಲಿ. 1979ರ ಎರಡನೆಯ ಅವತಾರದಲ್ಲಿ ಅದರ ವೇಗವನ್ನು ಕಾಯುವ ಕೆಲಸ ಒಂದು ಸ್ಫಟಿಕದ ಹರಳಿಗೆ ಬಿತ್ತು, ಕ್ವಾರ್ಟ್ಜ್ ಗಡಿಯಾರದಲ್ಲಿ ಇರುವಂಥದ್ದೇ. 2010ರಲ್ಲಿ ಕಂಪನಿ ಅದನ್ನು ನಿಲ್ಲಿಸಿದಾಗ ಮೆಕ್ಯಾನಿಕ್ ಗೆದ್ದೆ ಎಂದು ಬೀಗಿದರು. 2016ರಲ್ಲಿ ಅದು ಮತ್ತೆ ಬಂದಾಗ ಬ್ಯಾಂಕಿನವರು ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಡಾಕ್ಟರರ ಬಳಿ ಇರುವುದು ಸೂಟ್‌ಕೇಸಿನಂಥ ಎಚ್‌ಎಂವಿ ಫಿಯೆಸ್ಟಾ. ಅದನ್ನು ಉಳಿದವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ದೇಶದ ಎಷ್ಟೋ ಮಧ್ಯಮವರ್ಗದ ಮನೆಗಳಲ್ಲಿ ಹಾಡಿದ್ದು ಆ ಬಡಪಾಯಿ ಪೆಟ್ಟಿಗೆಯೇ ಎಂಬುದನ್ನು ಮಾತ್ರ ಮರೆಯುತ್ತಾರೆ.

ಮೇಷ್ಟ್ರದ್ದು ಥೋರೆನ್ಸ್ ಟಿಡಿ 150. ಹೆಸರು ಸ್ವಿಟ್ಜರ್ಲೆಂಡಿನದು, 1965ರಲ್ಲಿ ಬಂದ ಮಾದರಿ. ಪಶ್ಚಿಮ ಜರ್ಮನಿಯಲ್ಲಿ ತರಬೇತಿಗೆಂದು ಹೋಗಿ ಬಂದ ಸಂಬಂಧಿಕರಿಂದ ಅವರು ಅದನ್ನು ಕಂತಿನಲ್ಲಿ ಕೊಂಡಿದ್ದರು. ಕಂತು ತೀರಲು ನಾಲ್ಕು ವರ್ಷ ಹಿಡಿಯಿತಂತೆ. ಆ ನಾಲ್ಕು ವರ್ಷವೂ ಮನೆಯಲ್ಲಿ ದೀಪಾವಳಿಗೆ ಹೊಸ ಬಟ್ಟೆ ಬಂದದ್ದು ಮಕ್ಕಳಿಗೆ ಮಾತ್ರ.

ಅವರ ವಿಚಿತ್ರಗಳನ್ನು ಹೇಳಲು ಹೊರಟರೆ ಮೂವರೂ ಒಟ್ಟಿಗೆ ಬಾಯಿ ಹಾಕುತ್ತಾರೆ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಶಾಲೆಯ ಪ್ರಯೋಗಶಾಲೆಯ ಟ್ಯೂನಿಂಗ್ ಫೋರ್ಕ್ ಸದಾ ಇರುತ್ತಿತ್ತು. ಯಾರ ಮನೆಯಲ್ಲಿ ಹಾಡು ಕೇಳಿದರೂ ಅದನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿಯುತ್ತಿದ್ದರು. ಮದುವೆಮನೆಯೊಂದರಲ್ಲಿ ಧ್ವನಿವರ್ಧಕದವನು ಪ್ಲೇಟು ಹಾಕಿದಾಗ ಊಟದ ಪಂಕ್ತಿಯಿಂದ ಎದ್ದುಹೋಗಿ, ‘ಏನಯ್ಯಾ, ನಿನ್ನ ಮೋಟಾರು ಯಾವುದು?’ ಎಂದು ವಿಚಾರಿಸಿದ್ದರು. ಮುಳ್ಳು ಪ್ಲೇಟಿನ ಮೇಲೆ ಎಷ್ಟು ಭಾರ ಹಾಕಬೇಕು ಎಂಬುದಕ್ಕೆ ವಿದೇಶದಲ್ಲಿ ಪುಟ್ಟ ತಕ್ಕಡಿಗಳು ಸಿಗುತ್ತಿದ್ದವು. ಮೇಷ್ಟ್ರು ಪೋಸ್ಟ್‌ಕಾರ್ಡು ಮತ್ತು ಗುಂಡುಸೂಜಿಯಿಂದ ತಾವೇ ಒಂದನ್ನು ಮಾಡಿ, ಅದರ ಇನ್ನೊಂದು ತುದಿಗೆ 1957ರ ಕಾಲದ ಒಂದು ನಯಾಪೈಸೆ ಇಡುತ್ತಿದ್ದರು. ಅದರ ತೂಕ ಸುಮಾರು ಒಂದೂವರೆ ಗ್ರಾಂ. ಒಳ್ಳೆಯ ಮುಳ್ಳಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಇವೆಲ್ಲಕ್ಕಿಂತ ದೊಡ್ಡ ಹುಚ್ಚೆಂದರೆ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಅವರ ಮನೆಯಲ್ಲಿ ಹಾಡು ಕೇಳುವಂತಿರಲಿಲ್ಲ. ಕೇಳಬೇಕಾದವರು ಮಧ್ಯಾಹ್ನ ಬರಬೇಕು, ಇಲ್ಲವೇ ಬೆಳಗಿನ ಜಾವಕ್ಕೆ.

‘ಮೂವತ್ತು ದಿನವೂ ಏಕಾದಶಿ ಮಾಡೋ ಜನ ಇರ್ತಾರಲ್ಲ, ಹಾಗೆ ಅಂದ್ಕೊಂಡಿದ್ವಿ’ ಎನ್ನುತ್ತಾರೆ ಬ್ಯಾಂಕಿನವರು. ಕಾರಣ ಅವರಿಗೆ ತಿಳಿದದ್ದು ಬಹಳ ತಡವಾಗಿ.

ಕಾರಣ ಹೇಳುವ ಮುಂಚೆ ಒಂದು ಸಣ್ಣ ಲೆಕ್ಕ. ಎಲ್‌ಪಿ ಪ್ಲೇಟು ನಿಮಿಷಕ್ಕೆ ಮೂವತ್ತಮೂರೂ ಮತ್ತೊಂದರ ಮೂರನೇ ಭಾಗದಷ್ಟು ಸುತ್ತು ತಿರುಗಬೇಕು. ಅಂದರೆ ನೂರು ಸುತ್ತಿಗೆ ಸರಿಯಾಗಿ ಮೂರು ನಿಮಿಷ. ಪ್ಲೇಟು ನಿಧಾನವಾದರೆ ಹಾಡು ನಿಧಾನವಾಗುವುದಷ್ಟೇ ಅಲ್ಲ, ಶ್ರುತಿಯೂ ಇಳಿಯುತ್ತದೆ. ವೇಗ ಸರಿಯಿದೆಯೇ ಎಂದು ನೋಡಲು ‘ಸ್ಟ್ರೋಬ್’ ಎಂಬ ರಟ್ಟಿನ ಬಿಲ್ಲೆ ಬರುತ್ತಿತ್ತು. ಅದರ ಅಂಚಿನ ಸುತ್ತ 180 ಕಪ್ಪು ಗೆರೆ. ನಮ್ಮ ಕರೆಂಟಿನ ಆವರ್ತ ಸೆಕೆಂಡಿಗೆ 50. ಅದರಲ್ಲಿ ಉರಿಯುವ ಟ್ಯೂಬ್‌ಲೈಟು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪ್ಲೇಟು ಸರಿಯಾದ ವೇಗದಲ್ಲಿ ತಿರುಗುತ್ತಿದ್ದರೆ ಒಂದು ಮಿನುಗಿಗೂ ಮುಂದಿನ ಮಿನುಗಿಗೂ ನಡುವೆ ಒಂದು ಗೆರೆ ಸರಿದು, ಹಿಂದಿನ ಗೆರೆಯ ಜಾಗಕ್ಕೆ ಮುಂದಿನದು ಬಂದು ಕೂರುತ್ತದೆ. ಹಾಗಾಗಿ ಗೆರೆಗಳು ಅಲ್ಲಾಡದೆ ನಿಂತಂತೆ ಕಾಣುತ್ತವೆ. ವೇಗ ತಪ್ಪಿದರೆ ಹಿಂದಕ್ಕೋ ಮುಂದಕ್ಕೋ ತೆವಳುತ್ತವೆ. ಅಚ್ಚುಕಟ್ಟಾದ ಉಪಾಯ. ತರಗತಿಯಲ್ಲಿ ಮೇಷ್ಟ್ರು ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ಮಾಡಿ ತೋರಿಸಿದ್ದರು.

1990ರ ಸುಮಾರಿಗೆ ಮೇಷ್ಟ್ರ ಮಗಳಿಗೆ ಹದಿಮೂರು ವರ್ಷ. ಸಂಗೀತಕ್ಕೆ ಹೋಗುತ್ತಿದ್ದಳು, ಜೂನಿಯರ್ ಪರೀಕ್ಷೆಗೆ ತಯಾರಿ ನಡೆದಿತ್ತು. ಅಪ್ಪನಿಗೆ ಉತ್ಸಾಹ. ಸಂಜೆ ಶಾಲೆಯಿಂದ ಬಂದು, ಏಳು ಗಂಟೆಗೆ ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಎಲ್‌ಪಿ ಹಾಕಿ, ಜೊತೆಗೆ ಹಾಡು ಎಂದು ಕೂರಿಸುತ್ತಿದ್ದರು. ಅದಕ್ಕಿಂತ ಒಳ್ಳೆಯ ಗುರು ಎಲ್ಲಿ ಸಿಕ್ಕಾರು ಎಂಬುದು ಅವರ ವಾದ. ಹುಡುಗಿ ಹಾಡುತ್ತಿದ್ದಳು. ಆದರೆ ಬೆಳಿಗ್ಗೆ ಪಾಠಕ್ಕೆ ಹೋದರೆ ತಂಬೂರಿಯ ಮುಂದೆ ಶ್ರುತಿ ಜಾರುತ್ತಿತ್ತು. ಒಂದು ದಿನ ಇಷ್ಟು, ಇನ್ನೊಂದು ದಿನ ಅಷ್ಟು. ‘ಮನೇಲಿ ಏನು ಅಭ್ಯಾಸ ಮಾಡಿಸ್ತೀರಿ? ಮಗೂಗೆ ಶ್ರುತೀನೇ ನಿಲ್ತಾ ಇಲ್ಲವಲ್ಲ’ ಎಂದು ಸಂಗೀತದ ಟೀಚರು ಹೇಳಿ ಕಳಿಸಿದರು.

ಹುಡುಗಿ ಹೇಳಿದ್ದು ಬೇರೆ. ‘ಅಪ್ಪಾ, ಪ್ಲೇಟು ಇವತ್ತು ಕೆಳಗಡೆ ಹಾಡ್ತಿದೆ’ ಎಂದಳು. ಮೊನ್ನೆ ಭಾನುವಾರ ಮಧ್ಯಾಹ್ನ ಹೀಗಿರಲಿಲ್ಲ ಎಂದಳು.

ಮೇಷ್ಟ್ರು ಸ್ಟ್ರೋಬ್ ಬಿಲ್ಲೆ ತಂದು ಪ್ಲೇಟಿನ ಮೇಲಿಟ್ಟರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗೆರೆಗಳು ಬಂಡೆಗೆ ಕೆತ್ತಿದಂತೆ ನಿಂತಿದ್ದವು. ‘ಗೆರೆ ನಿಂತಿದೆಯೋ ಇಲ್ಲವೋ?’ ‘ನಿಂತಿದೆ.’ ‘ಮತ್ತೆ?’ ಮತ್ತೆ ಏನೆಂದು ಹೇಳಲು ಹದಿಮೂರರ ಹುಡುಗಿಗೆ ಗೊತ್ತಾಗಲಿಲ್ಲ. ಕಿವಿಗೊಟ್ಟು ಕೇಳಿ ಹಾಡಬೇಕು, ಬಾಯಿಗೆ ಬಂದಂತೆ ಹಾಡಬಾರದು ಎಂದು ಬೈಸಿಕೊಂಡಳು. ಇದು ಒಂದು ದಿನದ ಮಾತಲ್ಲ, ವರ್ಷವಿಡೀ ನಡೆಯಿತು. ಅವಳು ಮತ್ತೂ ಎರಡು ಮೂರು ಸಲ ಹೇಳಿದಳಂತೆ. ಪ್ರತಿಸಲವೂ ಬಿಲ್ಲೆ ಬಂತು, ಗೆರೆ ನಿಂತಿತು. ಕೊನೆಗೆ ಈ ವರ್ಷ ಪರೀಕ್ಷೆಗೆ ಕಟ್ಟಿಸುವುದು ಬೇಡ ಎಂದು ಟೀಚರೇ ಹೇಳಿದರು. ಹುಡುಗಿ ಪಾಠ ಬಿಟ್ಟಳು.

ಇದಾಗಿ ಕೆಲವು ತಿಂಗಳಿಗೆ ಥೋರೆನ್ಸಿನ ಬೆಲ್ಟು ಸಡಿಲವಾಯಿತು. ಮೇಷ್ಟ್ರು ಅದನ್ನು ಎತ್ತಿಕೊಂಡು ಎಸ್.ಪಿ. ರಸ್ತೆಯ ಗಲ್ಲಿಗೆ ಹೋದರು. ಮೆಕ್ಯಾನಿಕ್ ಹೊಸ ಬೆಲ್ಟು ಹಾಕಿದ ಮೇಲೆ ಮೇಷ್ಟ್ರು ಜೇಬಿನಿಂದ ಬಿಲ್ಲೆ ತೆಗೆದು, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಇಟ್ಟು, ‘ನೋಡಯ್ಯಾ, ಒಂದು ಕೂದಲಷ್ಟೂ ಅಲ್ಲಾಡಲ್ಲ’ ಎಂದರು. ಮೆಕ್ಯಾನಿಕ್ ಓದಿದ್ದು ಎಂಟನೇ ಕ್ಲಾಸು. ಅವರು ಬೆಸುಗೆ ಹಾಕುತ್ತಲೇ, ತಲೆಯೆತ್ತದೆ ಹೇಳಿದರು: ‘ಹೆಂಗೆ ಅಲ್ಲಾಡ್ತದೆ ಮೇಷ್ಟ್ರೇ? ನಿಮ್ಮ ಮೋಟಾರೂ ಈ ಲೈಟೂ ಒಂದೇ ತಂತಿ ಕೂಸಲ್ವಾ?’

ಮೇಷ್ಟ್ರು ಅಂಗಡಿಯ ಸ್ಟೂಲಿನ ಮೇಲೆ ಕೂತರಂತೆ. ಎಷ್ಟೋ ಹೊತ್ತು ಎದ್ದೇಳಲಿಲ್ಲ. ಸಕ್ಕರೆ ಕಾಯಿಲೆಯೇನೋ ಎಂದು ಹೆದರಿ ಪಕ್ಕದ ಹೋಟೆಲಿನಿಂದ ಬಾದಾಮಿ ಹಾಲು ತರಿಸಿದೆ ಎಂದು ಮೆಕ್ಯಾನಿಕ್ ಈಗಲೂ ನೆನೆಯುತ್ತಾರೆ.

ಟಿಡಿ 150ರಲ್ಲಿರುವುದು ಸಿಂಕ್ರೊನಸ್ ಮೋಟಾರು. ಕರೆಂಟಿನ ವೋಲ್ಟೇಜು ಏರಿಳಿದರೂ ಅದು ಕಿವಿಗೊಡುವುದಿಲ್ಲ, ಆವರ್ತಕ್ಕೆ ಮಾತ್ರ ಹೆಜ್ಜೆ ಹಾಕುತ್ತದೆ. ಆವರ್ತ 50ರಿಂದ 48ಕ್ಕೆ ಇಳಿದರೆ ಮೋಟಾರು ಅಷ್ಟೇ ನಿಧಾನ, ನೂರಕ್ಕೆ ನಾಲ್ಕರಷ್ಟು. ಆದರೆ ಟ್ಯೂಬ್‌ಲೈಟು ಕೂಡ ಆಗ ಸೆಕೆಂಡಿಗೆ 100ರ ಬದಲು 96 ಸಲ ಮಿನುಗುತ್ತದೆ. ಕಳ್ಳನೂ ಸಾಕ್ಷಿಯೂ ಒಂದೇ ಮನೆಯವರು. ಗೆರೆ ನಿಂತೇ ಇರುತ್ತದೆ. ಮೆಕ್ಯಾನಿಕ್ಕಿನ ಗ್ಯಾರಾರ್ಡಿನಲ್ಲಿ ವೇಗ ತಿದ್ದುವ ತಿರುಪು ಇತ್ತು ನಿಜ. ಅದನ್ನೂ ಗೆರೆ ನೋಡಿಕೊಂಡೇ ತಿದ್ದಿದರೆ ಅಷ್ಟೇ ಕತೆ.

ಆ ಸಂಜೆ ಮೇಷ್ಟ್ರು ತಿರುಗುವ ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿದರು. ಕೀಲಿ ಕೊಡುವ ಎಚ್‌ಎಂಟಿ ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು. ಅದಕ್ಕೂ ಊರಿನ ಕರೆಂಟಿಗೂ ಸಂಬಂಧವಿಲ್ಲ. ನೂರು ಸುತ್ತು ಎಣಿಸಿದರು. 180 ಸೆಕೆಂಡು ಆಗಬೇಕಿತ್ತು, 187 ದಾಟಿತು. ಮೂರು ಸಲ ಎಣಿಸಿದರೂ ಅದೇ. ನೂರಕ್ಕೆ ನಾಲ್ಕು ಎಂದರೆ ಕಡಿಮೆ ಅನ್ನಿಸಬಹುದು. ಸಂಗೀತದ ಲೆಕ್ಕದಲ್ಲಿ ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಇರುವ ಅಂತರ ಸುಮಾರು ನೂರಕ್ಕೆ ಆರು. ಅದರ ಮೂರರಲ್ಲಿ ಎರಡು ಪಾಲು ಕೆಳಕ್ಕೆ ಆ ಮಹಾಗಾಯಕಿ ಪ್ರತಿ ಸಂಜೆ ಹಾಡುತ್ತಿದ್ದರು, ಮಗು ಅವರ ಹಿಂದೆಯೇ ನಿಷ್ಠೆಯಿಂದ ಇಳಿಯುತ್ತಿತ್ತು. ಕೇಳಿ ತಲೆದೂಗುವವರಿಗೆ ಇದು ತಿಳಿಯುವುದಿಲ್ಲ, ದನಿ ಸ್ವಲ್ಪ ಗಂಭೀರವಾಗಿದೆ ಅನ್ನಿಸೀತು ಅಷ್ಟೆ. ಜೊತೆಗೆ ಹಾಡುವ ಗಂಟಲಿಗೆ ಮಾತ್ರ ಗೊತ್ತಾಗುತ್ತದೆ.

ಊಟಕ್ಕೆ ಕೂತಿದ್ದ ಮಗಳನ್ನು ಕೈ ತೊಳೆಸಿ ಎಬ್ಬಿಸಿಕೊಂಡು ಬಂದು, ನೀನೇ ಎಣಿಸು ಎಂದರು. ಅವಳು ಎಣಿಸಿದಳು. ಗಡಿಯಾರ ನೋಡಿದಳು. ‘ಅವತ್ತೇ ಹೇಳಿರಲಿಲ್ವಾ?’ ಎಂದು ಹೇಳಿ, ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳಲು ಒಳಗೆ ಹೋದಳು.

ಆ ರಾತ್ರಿಯಿಂದ ಪುಸ್ತಕ ಶುರು. ದಿನಾ ಸಂಜೆ ಏಳಕ್ಕೆ, ಬೆಳಗಿನ ಜಾವ ನಾಲ್ಕಕ್ಕೆ, ನೂರು ಸುತ್ತು ಎಣಿಸಿ ಸೆಕೆಂಡು ಬರೆದಿಡುವುದು. 9,000ವನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಆ ಹೊತ್ತಿನ ಕರೆಂಟಿನ ಆವರ್ತ ಬಂತು. ಸಂಜೆ 185, 186, 187. ಮಳೆಗಾಲದ ಬೆಳಗಿನ ಜಾವ ಜಲಾಶಯ ತುಂಬಿ, ಊರೆಲ್ಲ ಮಲಗಿ, ಕರೆಂಟಿಗೆ ಗಿರಾಕಿಯಿಲ್ಲದಾಗ 177, 176. ಒಂದು ಜಾಲಕ್ಕೆ ಸೇರಿದ ವಿದ್ಯುತ್ ಕೇಂದ್ರಗಳೆಲ್ಲ, ಎತ್ತುಗಳು ಒಂದೇ ನೊಗಕ್ಕೆ ಕಟ್ಟಿದಂತೆ, ಒಂದೇ ಲಯದಲ್ಲಿ ತಿರುಗುತ್ತವೆ. ಹೊರೆ ಹೆಚ್ಚಾಗಿ ಉತ್ಪಾದನೆ ಸಾಲದಾದರೆ ಎಲ್ಲವೂ ಒಟ್ಟಿಗೆ ನಿಧಾನ. ‘ಶರಾವತಿಯ ಚಕ್ರ ಬಳಲಿದರೆ ನನ್ನ ತಟ್ಟೆಯೂ ಬಳಲುತ್ತೆ’ ಎನ್ನುತ್ತಿದ್ದರು ಮೇಷ್ಟ್ರು. ಆ ವರ್ಷಗಳಲ್ಲಿ ದಕ್ಷಿಣದ ಜಾಲ ಸಂಜೆಹೊತ್ತು 49ರ ಕೆಳಗೆ, ಕೆಲವೊಮ್ಮೆ 48ರ ಹತ್ತಿರಕ್ಕೆ ಇಳಿಯುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿಯೇ. ಅದನ್ನು ಎಂ.ಎಸ್. ಅವರ ಕಂಠದಲ್ಲಿ ಅಳೆಯುತ್ತಿದ್ದವರು ಮಾತ್ರ ಇವರೊಬ್ಬರೇ ಇರಬೇಕು.

ವಿದ್ಯುತ್ ಇಲಾಖೆಗೆ ಪತ್ರ ಬರೆದರು. ಶ್ರುತಿ ತಪ್ಪಿದೆಯೆಂದು ಬಂದ ಮೊದಲ ದೂರು ಅದೇ ಇದ್ದೀತು. ಹತ್ತಾರು ಪತ್ರಗಳ ನಂತರ ಒಬ್ಬ ಹುಡುಗುಪ್ರಾಯದ ಎಂಜಿನಿಯರು ಕುತೂಹಲಕ್ಕೆ ಮನೆಗೇ ಬಂದ. ಪುಸ್ತಕ ತಿರುವಿಹಾಕಿದ. ಮಾರನೆಯ ವಾರ ತನ್ನ ಕಚೇರಿಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು ತಾಳೆ ನೋಡಿದ. ದಶಮಾಂಶದ ಒಂದು ಸ್ಥಾನದವರೆಗೆ ಸರಿಹೊಂದಿತಂತೆ. ಆಮೇಲೆ ಅವನು ಆಗಾಗ ಬರುತ್ತಿದ್ದ, ಬೆಳಗಿನ ಜಾವಕ್ಕೆ, ಹಾಡು ಕೇಳಲು.

ಬ್ಯಾಂಕಿನವರು ತಮ್ಮ ಟೆಕ್ನಿಕ್ಸನ್ನೇ ಕೊಟ್ಟುಬಿಡುತ್ತೇನೆಂದು ಒಮ್ಮೆ ಹೇಳಿದ್ದರು. ಹರಳಿನ ಲೆಕ್ಕದಲ್ಲಿ ತಿರುಗುವ ಅದಕ್ಕೆ ಊರಿನ ಕರೆಂಟು ಹೇಗಿದ್ದರೂ ಒಂದೇ. ಮೇಷ್ಟ್ರು ಒಪ್ಪಲಿಲ್ಲ. ‘ಅದು ಸುಳ್ಳು ಹೇಳಲ್ಲ ಸರಿ. ಆದರೆ ನನಗೆ ಬೇಕಾಗಿರೋದು ಇದು ಎಷ್ಟು ಸುಳ್ಳು ಹೇಳುತ್ತೆ ಅನ್ನೋದು’ ಎಂದರಂತೆ. ಆಗ ಅವರಿಗೆ ಮಗಳ ವಿಷಯ ಗೊತ್ತಿರಲಿಲ್ಲ. ಮೇಷ್ಟ್ರ ತಲೆ ಪೂರ್ತಿ ಕೆಟ್ಟಿದೆ ಎಂದುಕೊಂಡು ಮನೆಗೆ ಬಂದರು.

2003ರ ಜನವರಿಯಲ್ಲಿ ದಕ್ಷಿಣದ ಜಾಲಕ್ಕೆ ಹೊಸ ದರಪದ್ಧತಿ ಬಂತು. ಆವರ್ತ ಬಿದ್ದಾಗ ನಿಗದಿಗಿಂತ ಹೆಚ್ಚು ಕರೆಂಟು ಎಳೆದ ರಾಜ್ಯಕ್ಕೆ ದುಬಾರಿ ದರ. ಪುಸ್ತಕದಲ್ಲಿ ಆ ತಿಂಗಳಿನಿಂದಲೇ ಅಂಕಿಗಳು ಸುಧಾರಿಸಿವೆ: ಸಂಜೆ 183, 182. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕೂತಾಗ, ಆಗಿನ್ನೂ ಬೇರೆಯಾಗಿಯೇ ತಿರುಗುತ್ತಿದ್ದ ದಕ್ಷಿಣದ ಜಾಲಕ್ಕೆ ಏನೂ ಆಗಲಿಲ್ಲ. ಆ ಎರಡು ದಿನ ಮೇಷ್ಟ್ರು ಗಂಟೆಗೊಮ್ಮೆ ಎಣಿಸಿದ್ದಾರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಕೂಡಿ, ದೇಶದ ಜಾಲವೆಲ್ಲ ಒಂದಾಯಿತು. ನೊಗಕ್ಕೆ ಅಷ್ಟೊಂದು ಎತ್ತು ಬಿದ್ದ ಮೇಲೆ ಒಂದು ಊರಿನ ಹೊರೆಗೆ ಬಂಡಿ ಮುಗ್ಗರಿಸುವುದು ಕಡಿಮೆ. 2014ರಲ್ಲಿ ಆವರ್ತ 49.90ರಿಂದ 50.05ರೊಳಗೇ ಇರಬೇಕೆಂಬ ನಿಯಮವೂ ಬಂತು. ಪುಸ್ತಕದ ತುಂಬ 180, 180, 180.

ಆ ವರ್ಷದ ನಡುವೆ ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿದರು. ‘ಇನ್ನು ಬರೆಯೋಕೆ ಏನಿದೆ?’ ಎಂದರಂತೆ. ಮೊದಲ ಸಲ ಸಂಜೆ ಏಳಕ್ಕೆ ಗೆಳೆಯರನ್ನು ಕರೆದು ಎಂ.ಎಸ್. ಹಾಕಿದರು. ಅವತ್ತೇ ಮಗಳ ಕತೆ ಹೇಳಿದ್ದು, ಪ್ಲೇಟಿನ ಒಂದು ಬದಿ ಮುಗಿದು ಇನ್ನೊಂದು ಬದಿಗೆ ತಿರುಗಿಸುವ ನಡುವೆ, ಅದೂ ಯಾವುದೋ ಪಾಠ ಮಾಡುವ ದನಿಯಲ್ಲಿ.

ಮಗಳು ಮತ್ತೆ ಸಂಗೀತಕ್ಕೆ ಹೋಗಲಿಲ್ಲ. ಅಪ್ಪ ಕೇಳಲಿಲ್ಲವೆಂದಲ್ಲ. ಟೀಚರ ಮನೆಗೆ ಹೋಗಿ ಗಡಿಯಾರ, ಬಿಲ್ಲೆ ಎಲ್ಲ ಇಟ್ಟು ವಿವರಿಸಿ ಬಂದಿದ್ದರು. ಅವರೂ ಕಳಿಸಿ ಎಂದಿದ್ದರು. ಹುಡುಗಿ ಆಗಲೇ ಖೋ-ಖೋ ತಂಡದಲ್ಲಿದ್ದಳು. ಈಗ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ. ಅವಳು ಯಾಕೆ ಹೋಗಲಿಲ್ಲ ಎಂಬುದರಲ್ಲಿ ಮೂವರಿಗೂ ಒಮ್ಮತವಿಲ್ಲ. ಮನಸ್ಸು ಮುರಿದಿತ್ತು ಎನ್ನುತ್ತಾರೆ ಬ್ಯಾಂಕಿನವರು. ತಮ್ಮ ಮೊಮ್ಮಗಳನ್ನು ಸಂಗೀತಕ್ಕೆ ಸೇರಿಸಿದ ಮೇಲೆ ಇನ್ನೂ ಗಟ್ಟಿಯಾಗಿ ಹೇಳುತ್ತಾರೆ. ಆ ವಯಸ್ಸಿನ ಮಕ್ಕಳು ಒಂದು ಬಿಟ್ಟು ಇನ್ನೊಂದು ಹಿಡಿಯುವುದು ಸಹಜ, ಅದಕ್ಕೆಲ್ಲ ಕಾರಣ ಹುಡುಕಬಾರದು ಎನ್ನುತ್ತಾರೆ ಡಾಕ್ಟರು. ಮೆಕ್ಯಾನಿಕ್ ಒಂದೇ ಮಾತು ಹೇಳುವುದು: ‘ನನ್ನತ್ರ ಒಂದು ವರ್ಷ ಮುಂಚೆ ಬಂದಿದ್ರೆ ಆಗ್ತಿತ್ತು.’ ಅವಳನ್ನೇ ಕೇಳಿದರೆ ನಕ್ಕು ಬೇರೆ ಮಾತು ತೆಗೆಯುತ್ತಾಳೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಮನೆ ಖಾಲಿ ಮಾಡುವಾಗ ಮೂವರನ್ನೂ ಕರೆದು, ಏನು ಬೇಕೋ ತೆಗೆದುಕೊಳ್ಳಿ ಅಂಕಲ್ ಎಂದಳು. ಥೋರೆನ್ಸ್ ಮೆಕ್ಯಾನಿಕ್ಕಿನ ಪಾಲಿಗೆ ಬಂತು. ಪ್ಲೇಟುಗಳನ್ನು ಬ್ಯಾಂಕಿನವರು ಎರಡು ಆಟೋದಲ್ಲಿ ಸಾಗಿಸಿದರು. ನಯಾಪೈಸೆಯ ತಕ್ಕಡಿಯನ್ನು ಡಾಕ್ಟರು ಕೇಳಿ ತೆಗೆದುಕೊಂಡರು. ಇಪ್ಪತ್ತನಾಲ್ಕು ವರ್ಷದ ಪುಸ್ತಕಗಳನ್ನು ಹಳೆ ಪೇಪರಿನವನಿಗೆ ಹಾಕುತ್ತಾಳೇನೋ ಎಂದು ಅವರು ನೋಡುತ್ತಿದ್ದರು. ಅವಳು ಅವನ್ನು ವರ್ಷದ ಪ್ರಕಾರ ಜೋಡಿಸಿ, ಹಳೆಯ ಸೀರೆಯಲ್ಲಿ ಗಂಟುಕಟ್ಟಿ, ಟ್ಯೂನಿಂಗ್ ಫೋರ್ಕನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡು ರಾತ್ರಿಯ ಹುಬ್ಬಳ್ಳಿ ಬಸ್ಸು ಹತ್ತಿದಳು.